ಇಂದುಮತಿ ಟೀಚರ ಮೈಕು

ನಾನು ಒಂದು ಮೈಕು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಬುದ್ಧಿ ಬಂದದ್ದು ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. "ಊಟಕ್ಕ ಏಳ್ರಿ" ಎಂಬ ಕೂಗನ್ನು ಆರು ವರ್ಷ ಕೇಳಿದೆ. ಆಮೇಲೆ ಇಂದುಮತಿ ಹೊಂಬಳ ಟೀಚರು ನನ್ನನ್ನು ಕೊಂಡು, ಸೆರಗಿನಿಂದ ಒರೆಸಿ, ಮನೆಗೆ ತಂದರು.

ಅವರು ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಕ್ಕಳು ಹಾಡುತ್ತಲೇ ಅಕ್ಷರ, ಲೆಕ್ಕ ಕಲಿಯಬೇಕು, ಹಾಡು ಮಾತ್ರ ಅಪ್ಪಟ ರಾಗದಲ್ಲೇ ಇರಬೇಕು ಎಂಬುದು ಅವರ ಹಟ. ಒಳಕೋಣೆಯ ಗೋಡೆಗೆಲ್ಲ ಹೊರಗಿನ ಸದ್ದು ಬಾರದಂತೆ ಕೌದಿ ತೂಗುಬಿಟ್ಟು, ತಾವೇ ಹಾಡಿ ಧ್ವನಿಮುದ್ರಣ ಶುರುಮಾಡಿದರು. ತಬಲಾಕ್ಕೆ ಹಳೆಯ ಗೆಳೆಯ ರಾಜೇಸಾಬ ನದಾಫ. ಅರ್ಧ ಹಾಡಾಗುವಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. 'ಹ'ಕಾರ ಜಾರಿದರೆ ಮತ್ತೆ ಮೊದಲಿನಿಂದ. ಏಳರ ಮಗ್ಗಿಯನ್ನು ಹತ್ತೊಂಬತ್ತು ಸಲ ಕೇಳಿ ನನ್ನ ತಲೆ ಚಿಟ್ಟುಹಿಡಿಯಿತು.

ಸಿಡಿ ತಯಾರಾಯಿತು. ಅಂಗಡಿಯವನು ಕವರು ತಿರುಗಿಸಿ ನೋಡಿ, "ಇದರಾಗ ಗೊಂಬಿ ಕುಣಿಯಂಗಿಲ್ಲೇನ್ರಿ?" ಎಂದು ವಾಪಸು ಕೊಟ್ಟ. ಒಂದು ಕಂಪನಿಯವರು ಮಾತ್ರ ಮಾರಲು ಒಪ್ಪಿದರು. ಆದರೆ ಹಾಡನ್ನು ಜೋರು ಓಡಿಸಬೇಕಂತೆ, ತಬಲಾ ತೆಗೆದು ಮಷಿನ್ ತಾಳ ಹಾಕಬೇಕಂತೆ.

ಅಷ್ಟರಲ್ಲಿ ರಾಜೇಸಾಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. "ತಗದ ಬಿಡ್ರಿ ಟೀಚರ್. ನನ್ನ ಸಲುವಾಗಿ ಹಾಡ ಮೂಲಿಗೆ ಬೀಳೂದ ಬ್ಯಾಡ," ಎಂದರು.

"ನಿಮ್ಮ ಕೈ ಇದೊಂದರಾಗ ಉಳದೈತಿ. ಅದನ್ನ ತಗದು ಏನ ಮಾರ್ಲಿ?" ಎಂದು ಟೀಚರು ಸಿಡುಕಿದರು. ಕಂಪನಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದರು. ಎರಡು ದಿನ ಪಾತ್ರೆ ಕುಕ್ಕುತ್ತ ಓಡಾಡಿದರು.

ಒಂದು ವರ್ಷ ಸಿಡಿಗಳು ನನ್ನ ಪಕ್ಕದಲ್ಲೇ ಧೂಳು ತಿಂದವು. ಒಂದು ಬೆಳಿಗ್ಗೆ ಎದುರುಮನೆಯ ಶಿವಲೀಲಾ ಬಂದಳು. "ಅಕ್ಕಾರ, ಮೊನ್ನೆ ಒಯ್ದ ಸಿಡಿ ಭಾಳ ಚಲೋ ಅದಾವ್ರಿ. ಇನ್ನೂ ನಾಕು ಕೊಡ್ರಿ."

ಟೀಚರ ಮುಖ ಅರಳಿತು. "ಮಕ್ಕಳಿಗೆ ಯಾವ ಹಾಡ ಸೇರ್ತವ್ವಾ?"

"ಹಾಡೇನ್ರಿ? ಪೇರಲ ಗಿಡಕ್ಕ ಕಟ್ಟೀನ್ರಿ. ಫಳಫಳ ಹೊಳೀತಾವು, ಗಿಳಿ ಹತ್ರ ಸುಳಿಯಂಗಿಲ್ಲ."

ಟೀಚರು ಒಂದು ಸಿಡಿ ತೆಗೆದು ಸೆರಗಿನಿಂದ ಅದರ ಧೂಳು ಒರೆಸಿದರು. ಆಮೇಲೆ, "ನಿನ್ನ ಮಕ್ಕಳನ್ನ ಕಳಸು. ಒಂದು ಹಾಡು ಕಲಿತರ ಒಂದು ಸಿಡಿ," ಎಂದರು.

ಈಗ ನನಗೆ ವಯಸ್ಸಾಗಿದೆ. ತಲೆಯ ಜಾಲರಿ ಜಜ್ಜಿಹೋಗಿದೆ, ಅರ್ಧ ಕೇಳಿಸುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮಲಗಿದ್ದೇನೆ. ಎದುರಿನ ಗಿಡದ ತುಂಬ ಸಿಡಿ ತೂಗುತ್ತಿವೆ. ಅದರ ಕೆಳಗೆ ಶಿವಲೀಲಾಳ ಮಕ್ಕಳು ಟೀಚರು ಕಲಿಸಿದ ಮಳೆಗಾಲದ ಹಾಡು ಹೇಳುತ್ತಾರೆ, ಶ್ರುತಿ ತಪ್ಪಿಯೇ. ಇಷ್ಟಕ್ಕಾಗಿ ಅಷ್ಟು ಪಾಡುಪಟ್ಟೆವೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೂ ಅವರು ಹಾಡುವಾಗ ಉಳಿದ ಅರ್ಧ ಕಿವಿಯನ್ನು ಅತ್ತಲೇ ಇಟ್ಟಿರುತ್ತೇನೆ.