ನಾಲ್ಕನೆಯ ಹೆಗಲು

ವಕೀಲಮ್ಮನ ಶವದ ಪೆಟ್ಟಿಗೆಯ ಒಂದು ಮೂಲೆ ನೆಲ ಬಿಟ್ಟು ಏಳಲೇ ಇಲ್ಲ. ಔಷಧಿ ಅಂಗಡಿಯವನು, ಆಟೋದವನು, ಪಕ್ಕದ ಕಟ್ಟಡದ ವಾಚ್‌ಮನ್, ಮೂವರೂ ಬಾಗಿ ನಿಂತು ನಾಲ್ಕನೆಯವನಿಗಾಗಿ ಕಾಯುತ್ತಿದ್ದರು.

"ನಾನು ಹಿಡೀತೀನಿ ಬಿಡಕ್ಕ," ಎಂದು ಒಳಮನೆಯ ಹುಡುಗಿಯೊಬ್ಬಳು ಮುಂದೆ ಬಂದಳು.

"ಸುಮ್ನಿರು," ಎಂದಳು ಟೈಲರಮ್ಮ. "ಇಷ್ಟು ವರ್ಷ ಗಂಡಸರನ್ನ ಅವಳು ಹೊತ್ತಳು. ಇವತ್ತು ಅವರು ಹೊರಲಿ."

ಅವಳ ಕಣ್ಣು ಗೇಟಿನ ಬಳಿ ನಿಂತಿದ್ದ ನಿವೃತ್ತ ಇನ್‌ಸ್ಪೆಕ್ಟರನ ಮೇಲೆ ಬಿತ್ತು. ಕೈಯಲ್ಲಿ ಹೂವಿತ್ತು. ಸತ್ತದ್ದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದವನ ಹಾಗಿದ್ದ.

*

ಸತ್ತವಳೂ ಟೈಲರಮ್ಮನೂ ಈ ಮನೆಯಲ್ಲೇ ಮೈ ಮಾರಿ ಹೊಟ್ಟೆ ಹೊರೆದವರು. ಇನ್‌ಸ್ಪೆಕ್ಟರ್ ಇಲ್ಲಿಗೆ ಖಾಕಿ ಕಳಚಿಟ್ಟು ಬರುತ್ತಿದ್ದ. ಬಡ್ತಿಯ ಕಾಲ ಬಂದಾಗ ಖಾಕಿ ತೊಟ್ಟೇ ಬಂದು, ಈಗ ಪೆಟ್ಟಿಗೆಯಲ್ಲಿರುವವಳ ಜಡೆ ಹಿಡಿದು ಎಳೆದೊಯ್ದ.

ಕೋರ್ಟಿನಲ್ಲಿ ಅವಳು ತಲೆ ತಗ್ಗಿಸಲಿಲ್ಲ. "ಸ್ವಾಮಿ, ಕೋಣೇಲಿ ಇದ್ದೋರು ಇಬ್ಬರು. ಕಟಕಟೆಗೆ ಬಂದೋಳು ನಾನೊಬ್ಬಳೇ. ಕಾನೂನಿಗೇನು ಒಂದೇ ಕಣ್ಣಾ?"

ಎಲ್ಲರೂ ನಕ್ಕರು. ಅವಳಿಗೆ ಜೈಲಾಯಿತು, ವಕೀಲಮ್ಮ ಎಂಬ ಹೆಸರೂ ಅಂಟಿತು. ಜೈಲು ಕಂಡವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಮತ್ತೆ ಅದೇ ಕೋಣೆಗೆ ಬಂದಳು. ಗೆಳತಿಯನ್ನು ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂರಿಸಿದಳು. "ಬಟ್ಟೆ ಹೊಲಿ. ಬಾಯಿ ಮಾತ್ರ ಹೊಲ್ಕೋಬೇಡ."

*

"ಹೆಗಲು ಕೊಡಿ, ಸಾಹೇಬ್ರೆ."

"ನಂಗೆ ಬೆನ್ನುನೋವಮ್ಮ."

ಟೈಲರಮ್ಮ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಈ ಮನೆ ದಾರಿ ನಿಮಗೆ ಹೇಗೆ ಗೊತ್ತು ಅಂತ ನಿಮ್ಮ ಹೆಂಡ್ತೀನ ಕೇಳ್ಕೊಂಡು ಬರ್ಲಾ?"

ಅವನು ಹೂವನ್ನು ಗೋಡೆಯ ಮೇಲಿಟ್ಟು ಹೆಗಲು ಕೊಟ್ಟ.

ಗಲ್ಲಿಯ ತುದಿಯಲ್ಲಿ ಆಟೋದವನು ಹಿಂದಿನ ದಾರಿಗೆ ತಿರುಗಿದ.

"ಅಲ್ಲಲ್ಲ, ದೊಡ್ಡ ಬೀದಿ ಹಿಡಿ."

"ಸುತ್ತಾಗತ್ತಲ್ಲಕ್ಕ!"

"ಆಗ್ಲಿ. ಅವಳಿಗೇನು ಅವಸರ?"

ಮುದುಕನ ಕತ್ತು ಬೆವರಿತು. "ಬೇಡ ತಾಯಿ, ಕಾಲಿಗೆ ಬೀಳ್ತೀನಿ."

"ಹೆಣ ಹೊತ್ಕೊಂಡು ಹೇಗೆ ಬೀಳ್ತೀರಾ? ನಡೀರಿ."

ದೊಡ್ಡ ಬೀದಿಯ ಅಂಗಡಿಗಳಲ್ಲಿ ಮಾತು ನಿಂತಿತು. "ಸಾಹೇಬ್ರಿಗೆ ಅವಳೇನಾಗಬೇಕು?" ಎಂದು ಯಾರೋ ಕೇಳಿದರು. ಮುದುಕನ ಕಿವಿ ಕೆಂಪಾದದ್ದನ್ನು ಟೈಲರಮ್ಮ ಕಣ್ತುಂಬ ನೋಡಿದಳು.

ಠಾಣೆಯ ಮೆಟ್ಟಿಲ ಮೇಲೆ ಹರಟುತ್ತಿದ್ದ ಪೇದೆಗಳು ಹಳೆಯ ಅಧಿಕಾರಿಯನ್ನು ಗುರುತಿಸಿ, ದಡಬಡಿಸಿ ಎದ್ದು ಸಲ್ಯೂಟ್ ಹೊಡೆದರು. ಅವನ ಎರಡೂ ಕೈ ಪೆಟ್ಟಿಗೆಗೆ ಕಚ್ಚಿಕೊಂಡಿದ್ದವು. ಸಲ್ಯೂಟಿಗೆ ಎತ್ತಿದ ಪೇದೆಗಳ ಕೈಗಳ ಮುಂದೆ, ನಾಲ್ವರ ಹೆಗಲ ಮೇಲೆ, ವಕೀಲಮ್ಮ ನಿಧಾನವಾಗಿ ಸಾಗಿದಳು.