ಮೇಲೆ ಕಾದವನು

ಗಾವಿಯಾ ಘಟ್ಟದ ರಸ್ತೆ ಚಳಿಗಾಲವೆಲ್ಲ ಹಿಮದಡಿ ಹೂತುಹೋಗಿರುತ್ತದೆ. ಮೇ ತಿಂಗಳಲ್ಲಿ ಯಂತ್ರಗಳು ಹತ್ತಿ ಹಿಮ ಕೊರೆದು ದಾರಿ ಮಾಡುತ್ತವೆ. ದಾರಿಯಾದ ಮೇಲೂ ಕಾರುಗಳಿಗೆ ಗೇಟು ತೆರೆಯುವುದಕ್ಕೆ ಇನ್ನೊಂದು ವಾರವಾದರೂ ಬೇಕು. ಆ ಒಂದು ವಾರ ರಸ್ತೆ ನಮ್ಮದು. ಗೇಟಿನ ಪಕ್ಕದ ಸಂದಿಯಲ್ಲಿ ಸೈಕಲ್ಲನ್ನು ಓರೆ ಮಾಡಿ ನುಗ್ಗಿಸಿಕೊಂಡು ಹೋದರೆ ಯಾರೂ ಕೇಳುವುದಿಲ್ಲ. ಬೊರ್ತೊಲೊ ಮತ್ತು ನಾನು ಮೂವತ್ತು ವಸಂತ ಹಾಗೆ ನುಗ್ಗಿದ್ದೆವು. ಈ ಸಲದ್ದು ಮೂವತ್ತೊಂದನೆಯದು.

ಬೊರ್ತೊಲೊ ಬಡಗಿ. ನಾನು ಫೌಸ್ತಿನೊ, ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ಬೆಂದವನು. ಇಬ್ಬರೂ ವೆಜ್ಜಾ ಊರಿನವರೇ. ಒಂದೇ ಬೆಂಚಿನಲ್ಲಿ ಕೂತು ಒಬ್ಬರೇ ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಇಬ್ಬರಿಗೂ ಈಗ ಅರವತ್ತೇಳು. ಬೊರ್ತೊಲೊನಿಗೆ ಅರವತ್ತೇಳು ಆಗಿತ್ತು ಎನ್ನಬೇಕು. ನಾಲಿಗೆಗೆ ಇನ್ನೂ ಅಭ್ಯಾಸವಾಗಿಲ್ಲ.

ನಮ್ಮದೊಂದು ನಿಯಮವಿತ್ತು. ನಮ್ಮದೇನು, ಏರು ಹತ್ತುವ ಎಲ್ಲ ಸೈಕಲ್ಲಿನವರದೂ ಅದೇ ನಿಯಮ. ಏರಿನಲ್ಲಿ ಯಾರೂ ಯಾರಿಗೂ ಕಾಯಬಾರದು. ಸೈಕಲ್ ತುಳಿಯದವರಿಗೆ ಇದು ಕಟುಕತನವೆನ್ನಿಸಬಹುದು, ಎನ್ನಿಸಲಿ. ಇನ್ನೊಬ್ಬನ ವೇಗಕ್ಕೆ ತುಳಿಯಲು ಹೋದರೆ ಇಬ್ಬರ ಕಾಲೂ ಕೆಡುತ್ತವೆ. ಅವರವರ ಉಸಿರಿಗೆ ತಕ್ಕಂತೆ ಅವರವರು ಹತ್ತಬೇಕು, ಮೊದಲು ಮುಟ್ಟಿದವನು ಮೇಲೆ ಕಾಯಬೇಕು, ಇಳಿಯುವಾಗ ಜೊತೆಯಾಗಿ ಇಳಿಯಬೇಕು. ಮೂವತ್ತು ವರ್ಷವೂ ಮೇಲೆ ಕಾದವನು ಬೊರ್ತೊಲೊ. ಏದುಸಿರು ಬಿಡುತ್ತಾ ನಾನು ಕೊನೆಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಅವನ ಬಾಯಿ ಶುರುವಾಗುತ್ತಿತ್ತು.

"ಬಂದ್ಯಾ? ಇನ್ನು ಬರಲ್ಲ ಅಂದ್ಕೊಂಡು ನಿನ್ನ ಹೆಂಡತಿಗೆ ಬೇರೆ ಗಂಡು ನೋಡ್ತಿದ್ದೆ."

ಇಲ್ಲವಾದರೆ, "ಹಿಟ್ಟು ಉಬ್ಬೋದನ್ನ ಕಾದೂ ಕಾದೂ ಇವನಿಗೆ ಅವಸರ ಅನ್ನೋದೇ ಮರೆತುಹೋಗಿದೆ ನೋಡ್ರಪ್ಪಾ."

ಅಲ್ಲಿ ಹಿಮ ತೆಗೆಯುವ ಕೆಲಸದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಮೂವತ್ತು ವರ್ಷದ ಹೊಟ್ಟೆಯುರಿ ಸಣ್ಣದಲ್ಲ. ಹೋದ ಚಳಿಗಾಲವಿಡೀ ನಾನು ಯಾರಿಗೂ ಹೇಳದೆ ಸೌದೆ ಕೊಟ್ಟಿಗೆಯಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ದಿನಕ್ಕೆ ಒಂದು ಗಂಟೆ ತುಳಿದೆ. ಹೆಂಡತಿ ನನಗೆ ತಲೆ ಕೆಟ್ಟಿದೆ ಎಂದಳು. ಕೆಟ್ಟಿತ್ತು.

ಆ ದಿನ ಬಿಸಿಲು ಚೆನ್ನಾಗಿತ್ತು. ಕರಗಿದ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಗೇಟಿನ ಸಂದಿಯಲ್ಲಿ ಸೈಕಲ್ ದಾಟಿಸಿದ ಮೇಲೆ ಬೊರ್ತೊಲೊ ಹ್ಯಾಂಡಲ್ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ.

"ಏನೋ ಮುದುಕಾ, ಗೇಟಿಗೇ ಸುಸ್ತಾ?" ಎಂದೆ.

"ಒರ್ಸೊಲಾ ನಿನ್ನೆ ಪೊಲೆಂತಾ ಮುದ್ದೆ ಜಾಸ್ತಿ ಬಡಿಸಿಬಿಟ್ಳು ಕಣೋ. ಇನ್ನೂ ಇಲ್ಲೇ ಕೂತಿದೆ," ಎಂದು ಎದೆ ತೋರಿಸಿದ.

"ಹೆಂಡತಿ ಮೇಲೆ ಹಾಕು. ಸೋಲೋದಕ್ಕೆ ಈಗಿನಿಂದಲೇ ನೆಪ ಹುಡುಕ್ತಿದೀಯ."

"ಸೋಲೋದು? ನಿನ್ನ ಹತ್ರ? ನಡಿ ನಡಿ."

ಹೊರಟೆವು. ಎಂದಿನಂತೆ ಅವನು ಮುಂದೆ. ಮರಗಳು ಮುಗಿಯುವವರೆಗೆ ನಾನು ಅವನ ಬೆನ್ನು ನೋಡಿಕೊಂಡು ತುಳಿಯುವುದು, ಮುಗಿದ ಮೇಲೆ ಅದೂ ಕಾಣದಂತಾಗುವುದು, ಇದು ಪ್ರತಿ ವರ್ಷದ ಪಾಡು. ಈ ಸಲ ಮರಗಳು ಮುಗಿದು ಎರಡೂ ಕಡೆ ಆಳೆತ್ತರದ ಹಿಮದ ಗೋಡೆ ಶುರುವಾದರೂ ಆ ಬೆನ್ನು ಕಾಣುತ್ತಲೇ ಇತ್ತು. ಒಂದೊಂದು ಹೇರ್‌ಪಿನ್ ತಿರುವಿಗೂ ಹತ್ತಿರವಾಗುತ್ತಿತ್ತು. ಕೊಟ್ಟಿಗೆಯಲ್ಲಿ ತುಳಿದದ್ದು ವ್ಯರ್ಥವಾಗಲಿಲ್ಲ ಎಂದುಕೊಂಡೆ. ನನ್ನ ಕಾಲಿಗೆ ನಾನೇ ಶಹಭಾಸ್ ಹೇಳಿಕೊಂಡೆ.

ತುದಿಗೆ ಇನ್ನು ಮೂರು ಕಿಲೋಮೀಟರ್ ಇರುವಲ್ಲಿ ಒಂದು ಸುರಂಗವಿದೆ. ಅದರ ಬಾಯಿಗಿಂತ ಸ್ವಲ್ಪ ಕೆಳಗೆ ಬೊರ್ತೊಲೊ ಕಾಲು ನೆಲಕ್ಕೆ ಊರಿ ನಿಂತಿದ್ದ. ಮೂವತ್ತು ವರ್ಷದಲ್ಲಿ ಅವನು ಏರಿನಲ್ಲಿ ಕಾಲು ಊರಿದ್ದನ್ನು ನಾನು ನೋಡಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಚಳಿಯಲ್ಲಿ ಅಂಗಿಯ ಜಿಪ್ಪನ್ನು ಹೊಟ್ಟೆಯವರೆಗೆ ಇಳಿಸಿಕೊಂಡಿದ್ದ.

"ಹೋಗು, ಹೋಗು. ಬೂಟಿನ ಪಟ್ಟಿ ಸಡಿಲ ಆಗಿದೆ. ಬಿಗಿ ಮಾಡ್ಕೊಂಡು ಬರ್ತೀನಿ," ಎಂದ.

ನಾನು ಅವನ ಬೂಟು ನೋಡಿದೆ. ಪಟ್ಟಿ ಬಿಗಿಯಾಗಿಯೇ ಇತ್ತು. ನೋಡಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಆದರೆ ನೋಡಿದೆ, ಸ್ಪಷ್ಟವಾಗಿ ನೋಡಿದೆ. ನೋಡಿಯೂ ಹೇಳಿದ್ದು ಇಷ್ಟು: "ಆಗಲಿ, ನಿಧಾನವಾಗಿ ಬಾ. ಈ ಸಲ ನಾನು ಕಾಯ್ತೀನಿ ಮೇಲೆ."

ಸ್ವಲ್ಪ ದೂರ ಹೋದಮೇಲೆ ತಿರುಗಿ ನೋಡಬೇಕೆನ್ನಿಸಿತು. ನೋಡಿದರೆ ನಿಲ್ಲಬೇಕಾದೀತು ಎಂದು ನೋಡಲಿಲ್ಲ. ಸುರಂಗದೊಳಗೆ ನೆಲಕ್ಕೆ ಐಸು ಕಟ್ಟಿತ್ತು, ಇಳಿದು ಸೈಕಲ್ ತಳ್ಳಿಕೊಂಡು ಹೋದೆ. ಆ ಕತ್ತಲಲ್ಲಿ ಒಬ್ಬನೇ ಹಲ್ಲು ಕಿರಿಯುತ್ತಿದ್ದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ತುದಿಯಲ್ಲಿ ಮಾರ್ತಿನೊ ತನ್ನ ಹಿಮ ತೆಗೆಯುವ ಯಂತ್ರಕ್ಕೆ ಒರಗಿಕೊಂಡು ಊಟ ಮಾಡುತ್ತಿದ್ದ. ಪ್ರತಿ ವರ್ಷ ನಮ್ಮನ್ನು ನೋಡುವವನು.

"ಏನ್ ಫೌಸ್ತಿನೋರೇ, ಇವತ್ತು ನೀವು ಮೊದಲು? ಸೂರ್ಯ ಯಾವ ಕಡೆ ಹುಟ್ಟಿದಾನೆ?"

"ಸೂರ್ಯ ಸರಿಯಾಗೇ ಹುಟ್ಟಿದಾನಪ್ಪ. ಬಡಗಿಗೆ ವಯಸ್ಸಾಯ್ತು."

ಮಾರ್ತಿನೊ ತನ್ನ ಫ್ಲಾಸ್ಕಿನ ಟೀಗೆ ಒಂದು ಗುಟುಕು ಗ್ರಪ್ಪಾ ಸಾರಾಯಿ ಬೆರೆಸಿ ಕೊಟ್ಟ. ನಾನು ಯಂತ್ರದ ಮೆಟ್ಟಿಲ ಮೇಲೆ ಕೂತು, ಬೊರ್ತೊಲೊ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡೆ. ಮೂವತ್ತು ವರ್ಷದ ಬಡ್ಡಿಯನ್ನು ಒಂದೇ ಮಾತಿನಲ್ಲಿ ತೀರಿಸಬೇಕಿತ್ತಲ್ಲ. ಕೊನೆಗೆ ಇದು ಹೊಳೆಯಿತು: "ಬಂದ್ಯಾ? ನಿನ್ನ ಶವಪೆಟ್ಟಿಗೇನ ನೀನೇ ಮಾಡಿಟ್ಟಿದೀಯೋ, ಇಲ್ಲಾ ಬೇರೆ ಬಡಗಿಗೆ ಹೇಳಬೇಕೋ ಅಂತ ಯೋಚನೆ ಮಾಡ್ತಿದ್ದೆ." ಮಾರ್ತಿನೊಗೆ ಹೇಳಿ ತೋರಿಸಿದೆ. ಅವನು ನಕ್ಕ. ಇನ್ನೂ ಸ್ವಲ್ಪ ತಿದ್ದಿ ಮತ್ತೊಮ್ಮೆ ಹೇಳಿದೆ.

ಅರ್ಧ ಗಂಟೆಯಾಯಿತು. ತಿರುವಿನಲ್ಲಿ ಯಾರೂ ಇಲ್ಲ.

"ವಾಪಸ್ ಇಳಿದುಬಿಟ್ರೋ ಏನೋ," ಎಂದ ಮಾರ್ತಿನೊ.

ಆ ಮಾತನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೌದು, ಇಳಿದೇ ಹೋಗಿರುತ್ತಾನೆ. ಸೋತ ಮುಖ ತೋರಿಸಲು ನಾಚಿಕೆ. ಇಷ್ಟು ಹೊತ್ತಿಗೆ ಮನೆಯಲ್ಲಿ ಒರ್ಸೊಲಾಳ ಮುಂದೆ ಕೂತು ಪೊಲೆಂತಾವನ್ನು ಬೈಯುತ್ತಿರುತ್ತಾನೆ. ನಾನು ಇನ್ನೊಂದು ಲೋಟ ಟೀ ಕುಡಿದೆ. ಚೀಸು ತಿಂದೆ. ಬಿಸಿಲಿಗೆ ಮುಖವೊಡ್ಡಿ ಕೂತೆ. ಒಟ್ಟು ಐವತ್ತು ನಿಮಿಷ.

ಇಳಿಯುವಾಗ ಎದೆಗೆ ಗಾಳಿ ಹೊಡೆಯದಿರಲೆಂದು ನಾವು ಅಂಗಿಯೊಳಗೆ ಹಳೆಯ ಪತ್ರಿಕೆ ತುರುಕಿಕೊಳ್ಳುತ್ತೇವೆ. ಹಾಗೆ ತುರುಕಿಕೊಂಡು ಹೊರಟೆ. ಸುರಂಗ ದಾಟಿ ಹೊರಗೆ ಬಂದು ಸ್ವಲ್ಪ ಕೆಳಗಿಳಿಯುತ್ತಲೇ ಅವನು ಕಂಡ. ಸೈಕಲ್ಲನ್ನು ಜೋಪಾನವಾಗಿ ಹಿಮದ ಗೋಡೆಗೆ ಒರಗಿಸಿ, ತಾನೂ ಅದರ ಪಕ್ಕದಲ್ಲಿ ಬೆನ್ನು ಆನಿಸಿ ಕೂತಿದ್ದ. ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಸಾಕು ನಾಟಕ, ಏಳೋ," ಎಂದೆ.

ಭುಜ ಹಿಡಿದು ಅಲುಗಿಸಿದೆ. ತಲೆ ಪಕ್ಕಕ್ಕೆ ವಾಲಿತು. ನನ್ನ ಅಂಗಿಯೊಳಗಿನ ಪತ್ರಿಕೆ ಎಳೆದು ಅವನ ಎದೆಗೆ ತುರುಕಿದೆ, ಜಿಪ್ಪು ಮೇಲಕ್ಕೆಳೆದೆ, ಕೈ ಉಜ್ಜಿದೆ, ಹೆಸರು ಹಿಡಿದು ಕೂಗಿದೆ. ಅಲ್ಲಿ ಫೋನು ಸಿಗುವುದಿಲ್ಲ. ಆ ದಿನದ ಕೆಲಸ ಮುಗಿಸಿ ತನ್ನ ಜೀಪಿನಲ್ಲಿ ಇಳಿದು ಬಂದ ಮಾರ್ತಿನೊ ನೋಡುವಾಗ, ನಾನು ಬೊರ್ತೊಲೊನನ್ನು ತಬ್ಬಿಕೊಂಡು ರಸ್ತೆಯ ನೀರಿನಲ್ಲಿ ಕೂತಿದ್ದೆನಂತೆ.

ಮಾರ್ತಿನೊ ತಾನು ಕಂಡದ್ದನ್ನಷ್ಟೇ ಊರಿಗೆ ಹೇಳಿದ. ಊರು ಅದನ್ನು ತನಗೆ ಬೇಕಾದ ಹಾಗೆ ಬೆಳೆಸಿತು. ಬೊರ್ತೊಲೊ ಗೆಳೆಯನ ತೋಳಿನಲ್ಲಿ ಪ್ರಾಣ ಬಿಟ್ಟ ಎಂದಾಯಿತು. ಇಗರ್ಜಿಯಲ್ಲಿ ಪಾದ್ರಿಗಳೂ ಹಾಗೆಯೇ ಹೇಳಿದರು, ಕೊನೆಯ ಗಳಿಗೆಯಲ್ಲಿ ಗೆಳೆಯ ಕೈ ಹಿಡಿದಿದ್ದ ಎಂದು. ಜನ ಬಂದು ನನ್ನ ಬೆನ್ನು ಸವರಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಸಮಾಧಿಯ ಹತ್ತಿರ ಒರ್ಸೊಲಾ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಒಬ್ಬನೇ ಇರಲಿಲ್ಲವಲ್ಲ. ನಂಗೆ ಅಷ್ಟು ಸಾಕು," ಎಂದಳು.

ಎಂಟು ದಿನ ತಡೆದೆ. ಅನ್ನ ನೀರು ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಬೂಟಿನ ಪಟ್ಟಿ. ಒಂಬತ್ತನೆಯ ದಿನ ಬೆಳಿಗ್ಗೆ, ಹೇಳಿಯೇ ತೀರಬೇಕೆಂದು ಅವಳ ಮನೆಗೆ ಹೋದೆ.

ಒರ್ಸೊಲಾ ಅಡುಗೆಮನೆಯಲ್ಲಿ ಕೂರಿಸಿ, ಒಲೆಯ ಮೇಲೆ ಕಾಫಿ ಇಟ್ಟಳು. ಎಂಟು ದಿನದಲ್ಲಿ ಇಳಿದುಹೋಗಿದ್ದರೂ ಮುಖದಲ್ಲಿ ಒಂದು ಸಮಾಧಾನವಿತ್ತು.

"ನೀನೇ ಬರ್ತೀಯ ಅಂತ ಗೊತ್ತಿತ್ತು," ಎಂದಳು. "ನಿನ್ನ ಬಿಟ್ಟು ಇನ್ಯಾರನ್ನ ಕೇಳಲಿ? ಕೊನೇಲಿ ಏನಂದ ಅವನು?"

ನಾನು ಹೇಳಿದೆ. ಎದೆ ಮುಟ್ಟಿ ತೋರಿಸಿದ್ದು, ಬೂದಿಯಾದ ಮುಖ, ಬಿಗಿಯಾಗಿದ್ದ ಪಟ್ಟಿ, ತಿರುಗಿ ನೋಡದೆ ಹೋದದ್ದು, ಟೀ, ಗ್ರಪ್ಪಾ, ಚೀಸು, ಇಳಿದು ಬಂದಾಗ ಅವನು ಒಬ್ಬನೇ ಕೂತಿದ್ದದ್ದು, ತೊಡೆಯ ಮೇಲೆ ಬಿಚ್ಚಿಟ್ಟಿದ್ದ ಕೈಗವಸು. ಶವಪೆಟ್ಟಿಗೆಯ ಮಾತನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತೆ.

ಅವಳು ಅಳಲಿಲ್ಲ. "ಎಷ್ಟು ಹೊತ್ತು ಕಾದೆ?" ಎಂದಳು.

"ಐವತ್ತು ನಿಮಿಷ."

"ಒಂದು ವರ್ಷ ನಿನ್ನ ಸೈಕಲ್ ಚೈನು ಕಡಿದು, ಅವನು ಮೇಲೆ ಒಂದೂವರೆ ಗಂಟೆ ಕಾದಿದ್ದ. ಕೆಳಗಿಳಿದು ನೋಡಬಾರದಿತ್ತಾ ಅಂತ ಕೇಳ್ದೆ. ನಿಯಮ ಅಂದ್ರೆ ನಿಯಮ ಕಣೇ ಅಂದ. ನಾನೂ ನಕ್ಕುಬಿಟ್ಟೆ." ಅವಳು ಮೇಜಿನ ಮೇಲಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡಿದಳು. "ನಿನ್ನ ಜಾಗದಲ್ಲಿ ಅವನಿದ್ರೂ ಹಾಗೇ ಮಾಡ್ತಿದ್ದ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ ನಂಗೆ."

ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಎಂಟು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಅದು ಅವಳಿಗೂ ಕಂಡಿರಬೇಕು.

"ಆದ್ರೆ ಇದನ್ನ ನಂಗ್ಯಾಕೆ ಹೇಳ್ದೆ?"

"ಸುಳ್ಳು ಹೊತ್ಕೊಂಡು ತಿರುಗೋಕೆ ನನ್ನ ಕೈಲಿ ಆಗ್ಲಿಲ್ಲ, ಒರ್ಸೊಲಾ."

"ಹೂಂ. ನಿನ್ನ ಕೈಲಿ ಆಗ್ಲಿಲ್ಲ." ಒಟ್ಟು ಮಾಡಿದ ಚೂರುಗಳನ್ನು ಅಂಗೈಗೆ ಎಳೆದುಕೊಂಡಳು. "ಎಂಟು ದಿನ ನಾನು ಒಂದೇ ಒಂದನ್ನ ಹಿಡ್ಕೊಂಡು ಬದುಕಿದೀನಿ ಫೌಸ್ತಿನೊ, ಅವನ ಕೈನ ಯಾರೋ ಹಿಡ್ಕೊಂಡಿದ್ರು ಅಂತ. ನಿದ್ದೆ ಬರ್ತಿದ್ದಿದ್ದು ಅದರಿಂದ. ಈಗ ಅವನು ಅಲ್ಲಿ ಒಬ್ಬನೇ ಕೂತಿದಾನೆ. ಗ್ಲೌಸು ಬೇರೆ ಬಿಚ್ಚಿಟ್ಟುಕೊಂಡು. ಇದನ್ನ ನಾನೆಲ್ಲಿ ಇಟ್ಕೊಳ್ಳಲಿ, ಹೇಳು?"

ಕಾಫಿ ಉಕ್ಕಿತು. ಅವಳು ಎದ್ದು ಒಲೆ ಆರಿಸಿ, ಒಂದೇ ಕಪ್ಪಿಗೆ ಸುರಿದು ನನ್ನ ಮುಂದಿಟ್ಟಳು. ನಾನು ಅದನ್ನು ಕುಡಿದು ಮುಗಿಸುವವರೆಗೂ ಬೀದಿ ಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತೇ ಇದ್ದಳು.