ಅಂಗಳದ ನಲ್ಲಿ

"ಕಣ್ಣು ತಿಕದಾಗಿಟ್ಕಂಡಿದ್ದೀಯೇನೇ ಮುಂಡೆ? ಬಂಗಾರದಂಥ ಉಂಡೇನ ಹೋಳು ಮಾಡ್ದಲ್ಲೇ!"

ಧಣಿ ತೋಂಟದಾರ್ಯ ಎಸೆದ ಕೊಬ್ಬರಿ ಹೋಳು ಭೈರಮ್ಮನ ಮೊಣಕಾಲಿಗೆ ತಗುಲಿ ಕರಟದ ರಾಶಿಗೆ ಬಿತ್ತು. ಅಟ್ಟದ ಮೇಲೆ ಒಣಗಿದ ಕಾಯಿಯ ಕರಟ ಒಡೆದು, ಒಳಗಿನ ಕೊಬ್ಬರಿ ಉಂಡೆಗೆ ಪೆಟ್ಟಾಗದಂತೆ ತೆಗೆಯುವುದು ಅವಳ ಕೆಲಸ. ಈಚೆಗೆ ಅವಳ ಬೆರಳುಗಳು ಅವಳಿಗಿಂತ ತಡವಾಗಿ ಏಳುತ್ತಿದ್ದವು.

"ಕೈಲಾಗ್ದಿದ್ರೆ ನಾಳೆಯಿಂದ ಬರ್ಬ್ಯಾಡ."

"ಕೈಗೇನಾಗೈತೆ ಬುದ್ದೀ? ನೊಣ ಕೂತಿತ್ತು, ಹೊಡ್ದೆ."

ಪಕ್ಕದಲ್ಲಿ ಕರಟ ಒಡೆಯುತ್ತಿದ್ದ, ಅವಳದೇ ಕೇರಿಯ ಸಿದ್ದಮ್ಮ ಸೆರಗಿನೊಳಗೆ ನಕ್ಕಳು.

ಅಷ್ಟರಲ್ಲಿ ಡಾಕ್ಟರು ಲಿಖಿತಾ ಬಂದಳು. ಕಿಬ್ಬನಹಳ್ಳಿಯ ಶಿಬಿರದಲ್ಲಿ ಭೈರಮ್ಮನ ರಕ್ತ ತೆಗೆದು, ಸಂಧಿವಾತ ಈಗಷ್ಟೇ ಶುರುವಾಗಿದೆ ಎಂದವಳು. ದಿನದ ಬದುಕಿಗೆ ಅದರಿಂದ ಎಷ್ಟು ತೊಡಕು ಎಂದು ಅಳೆಯಬೇಕಿತ್ತು. ತೊಡಕು ಹೆಚ್ಚಿದ್ದವರಿಗೆ ಆಸ್ಪತ್ರೆಯಿಂದ ಪುಕ್ಕಟೆ ಔಷಧ.

ತೋಂಟದಾರ್ಯ ಅವಳಿಗೆ ಕುರ್ಚಿ ಹಾಕಿಸಿ, ತಾನೂ ಒಂದು ಎಳೆದುಕೊಂಡ. "ಕೇಳಿ ಮೇಡಂ. ನಾನೂ ಕೇಳಿಸ್ಕತೀನಿ."

"ರವಿಕೆ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ?"

ಇವತ್ತಿನ ಗುಂಡಿ ಹಾಕಿದ್ದವಳು ಸಿದ್ದಮ್ಮ. ಭೈರಮ್ಮ ಧಣಿಯ ಮುಖ ನೋಡಿದಳು. "ಆಯ್ತದೆ."

"ತಲೆ ಬಾಚೋಕೆ?"

"ಆಯ್ತದೆ ಬುಡವ್ವ."

"ಕಾರು ಹತ್ತಿ ಇಳಿಯೋಕೆ?"

"ಬುದ್ದಿಯೋರ್ನ ಕೇಳಿ. ಹತ್ತುಸ್ಕಂಡ್ರೆ ಹೇಳ್ತೀನಿ."

ತೊಡಕಿಲ್ಲವೆಂದು ಲಿಖಿತಾ ಸೊನ್ನೆಯ ಮೇಲೆ ಸೊನ್ನೆ ಬರೆದಳು. ಒಂದೊಂದು ಸೊನ್ನೆಗೂ ಔಷಧ ಒಂದಿಷ್ಟು ದೂರ ಹೋಯಿತು.

"ನಲ್ಲಿ ತಿರುಗಿಸೋಕೆ?"

ಭೈರಮ್ಮ ಜಗಲಿಯ ಪಕ್ಕದ ನಲ್ಲಿ ನೋಡಿದಳು. ಈ ಅಂಗಳದಲ್ಲಿ ಅವಳಿಗೆ ನೀರೆಂದರೆ, ಧಣಿಯ ಹೆಂಡತಿ ಮೇಲಿನಿಂದ ಬೊಗಸೆಗೆ ಹುಯ್ಯುವುದು. ಈಗ ಬೆರಳು ಕೂಡುತ್ತಿರಲಿಲ್ಲ, ಅರ್ಧ ನೀರು ಮೊಣಕೈ ಕುಡಿಯುತ್ತಿತ್ತು.

"ಗೊತ್ತಿಲ್ಲ ಕಣವ್ವ. ಮದ್ವೆಯಾಗಿ ಬಂದಾಗಿಂದ ಇಲ್ಲೇ ಗೇಯ್ತಿವ್ನಿ. ಅದ್ನ ಮುಟ್ಟಾಕೆ ಬುಟ್ಟಿಲ್ಲ."

ಲಿಖಿತಾಳ ಪೆನ್ನು ನಿಂತಿತು.

"ಆಗುತ್ತೆ ಅಂತ ಬರ್ಕಳಿ ಮೇಡಂ," ಎಂದ ತೋಂಟದಾರ್ಯ.

"ಅವರೇ ಹೇಳ್ಬೇಕು ಸರ್."

"ಸುಳ್ಳು ಬರಸ್ಬಾರ್ದು ಬುದ್ದೀ. ನೋಡೇ ಬುಡಾನ." ಭೈರಮ್ಮ ಎದ್ದಳು.

"ಲೇ ಭೈರಿ! ಅದನ್ನೇನಾರ ಮುಟ್ಟಿದ್ರೆ..." ಡಾಕ್ಟರ ಮುಖ ಕಂಡು ಉಳಿದದ್ದನ್ನು ಅವನೇ ನುಂಗಿದ.

ಬೆರಳು ಹಿಡಿಯಲಿಲ್ಲ. ಎರಡೂ ಮಣಿಕಟ್ಟು ಒತ್ತಿ, ಮೈಭಾರ ಬಿಟ್ಟು ವಾಲಿದಳು. ನೀರು ಭರ್ರನೆ ಬಂತು. ಬಾಯೊಡ್ಡಿ ಹೊಟ್ಟೆ ತುಂಬ ಕುಡಿದಳು. ಮುಖ ತೊಳೆದಳು. ನಿಲ್ಲಿಸಲು ಮಣಿಕಟ್ಟು ಒತ್ತಿದಳು, ಜಾರಿತು. ಇನ್ನೊಮ್ಮೆ ಒತ್ತಿದಳು, ಜಾರಿತು. ಮತ್ತೆ ಒತ್ತಲಿಲ್ಲ.

"ಬರ್ಕಳವ್ವ. ಬುಡಾಕೆ ಆಯ್ತದೆ, ನಿಲ್ಸಾಕೆ ಆಗಾಕಿಲ್ಲ. ಗುಂಡೀನೂ ಆಗಾಕಿಲ್ಲ, ತಲೇನೂ ಆಗಾಕಿಲ್ಲ. ಮದ್ಲಿಂದ ತಿದ್ಕಳಿ."

ಲಿಖಿತಾ ತಲೆ ತಗ್ಗಿಸಿ ಸೊನ್ನೆಗಳನ್ನು ಹೊಡೆದುಹಾಕತೊಡಗಿದಳು. ನೀರು ಅಂಗಳದ ಇಳಿಜಾರು ಹಿಡಿದು, ಮಾರುಕಟ್ಟೆಗೆಂದು ಸುರಿದಿಟ್ಟ ಕೊಬ್ಬರಿ ರಾಶಿಯತ್ತ ಹೊರಟಿತು. ತೋಂಟದಾರ್ಯ ನಲ್ಲಿಯವರೆಗೂ ಓಡಿದ. ಭೈರಮ್ಮ ಮುಟ್ಟಿದ್ದ ನಲ್ಲಿಗೆ ಚಾಚಿದ ಕೈ ನಡುವೆಯೇ ನಿಂತಿತು.

"ಲೇ ಸಿದ್ದೀ, ನಿಲ್ಸೇ ಅದನ್ನ!"

ಸಿದ್ದಮ್ಮ ಕೂತಲ್ಲಿಂದಲೇ ಕೇಳಿದಳು: "ನಾನೂ ಮುಟ್ಲಾ ಬುದ್ದೀ?"

ನೀರು ಮೊದಲ ಉಂಡೆಯನ್ನು ಮುಟ್ಟಿತು.